ಹಳೇ ದೊಡ್ಡ ಸೆಡಾನ್‌ಗಳಿಗೆ ಇನ್ನೂ ಜಾಗ ಇದೆಯಾ?



ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಘದವರು ಕೇಳಿದಾಗ, ನಮಗೆ ಕಥೆ ಕವಿತೆ ಬರಲ್ಲ ಅಂತ ಜಾರಿಕೊಳ್ಳೋಕೆ ನೋಡಿದ್ವಿ. "ನಿಮ್ಮ ಕಾರಿನ ಬಗ್ಗೆನೇ ಬರೀರಿ, ಅದರಲ್ಲಿ ಕೂತಿಲ್ಲದ ಕನ್ನಡದವರು ಕ್ಯಾಂಪಸ್ಸಿನಲ್ಲಿ ಯಾರಿದ್ದಾರೆ?" ಅಂದ್ರು. ಸರಿ ಅಂತ ಒಪ್ಪಿಕೊಂಡ್ವಿ. ನಾವು ಅಂದ್ರೆ ಮಿಷಿಗನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಟ್ಟಿಗಿರುವ ಮೂವರು. ಬರೆಯೋ ಕೈ ಒಂದೇ, ಲೆಕ್ಕ ಮಾತ್ರ ಮೂವರದ್ದೂ.

2023ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದಿಳಿದಾಗ ನಮಗೆ ಗೊತ್ತಾದ ಮೊದಲ ಸತ್ಯ: ಕ್ಯಾಂಪಸ್ ಬಸ್ಸು ಕ್ಲಾಸಿಗೆ ಕರೆದುಕೊಂಡು ಹೋಗುತ್ತೆ, ಸೋನಾ ಮಸೂರಿ ಅಕ್ಕಿ ಸಿಗೋ ಅಂಗಡಿಗೆ ಹೋಗಲ್ಲ. ಒಂದು ತಿಂಗಳು ಸೀನಿಯರ್‌ಗಳನ್ನ ಕಾಡಿದ ಮೇಲೆ, ತಲಾ 2,100 ಡಾಲರ್ ಹಾಕಿ 6,300 ಡಾಲರ್‌ಗೆ ಒಂದು ಕಾರು ತಗೊಂಡ್ವಿ. 2012ರ ಮಾದರಿ, 94 ಸಾವಿರ ಮೈಲಿ ಓಡಿದ್ದು, ನಿವೃತ್ತ ದಂಪತಿ ಓಡಿಸ್ತಿದ್ದ ಫುಲ್-ಸೈಜ್ ಸೆಡಾನ್. ಯಾವ ಕಂಪನಿದು ಅನ್ನೋದು ಇಲ್ಲಿ ಬೇಡ. ಅದೇ ಬೆಲೆಗೆ ಸಿಗ್ತಿದ್ದ ಸಣ್ಣ ಕಾರುಗಳು ಇನ್ನೂ ಹಳೇವು, ಎಸ್‌ಯುವಿಗಳು ಇನ್ನೂ ಹೆಚ್ಚು ಓಡಿದವು. ಇದನ್ನ ಮಾತ್ರ ಯಾರೂ ಕೇಳೋರಿರಲಿಲ್ಲ. ಅದಕ್ಕೇ ನಮಗೆ ಸಿಕ್ಕಿತು.

ಯಾರೂ ಕೇಳೋರಿಲ್ಲ ಅಂದ್ರೆ ಆ ವಸ್ತು ಕೆಟ್ಟದ್ದು ಅಂತಲಾ? ಈ ಪ್ರಶ್ನೆಯನ್ನ ನಾವು ಸ್ವಲ್ಪ ಗಂಭೀರವಾಗೇ ತಗೊಂಡ್ವಿ. ನಮ್ಮಲ್ಲಿ ಇಬ್ಬರು ಮೆಕ್ಯಾನಿಕಲ್, ಒಬ್ಬ ಇಂಡಸ್ಟ್ರಿಯಲ್. ಓದಿದ್ದನ್ನ ಎಲ್ಲಾದರೂ ಉಪಯೋಗಿಸಬೇಕಲ್ಲ.

ಮೊದಲು, ಫುಲ್-ಸೈಜ್ ಅಂದ್ರೆ ಎಷ್ಟು?

ಅಮೆರಿಕದ ಪರಿಸರ ಇಲಾಖೆ ಇಪಿಎ ಸೆಡಾನ್‌ಗಳನ್ನ ಉದ್ದ ನೋಡಿ ವಿಂಗಡಿಸಲ್ಲ, ಒಳಗಿನ ಜಾಗ ನೋಡಿ ವಿಂಗಡಿಸುತ್ತೆ. ಕೂರುವ ಜಾಗ ಮತ್ತು ಡಿಕ್ಕಿ ಎರಡೂ ಸೇರಿ 120 ಘನ ಅಡಿ, ಅಂದ್ರೆ ಸುಮಾರು 3,400 ಲೀಟರ್ ಮುಟ್ಟಿದರೆ ಅದು 'ದೊಡ್ಡ ಕಾರು'. 110ರಿಂದ 120ರ ಒಳಗಿದ್ದರೆ 'ಮಧ್ಯಮ'. ಈ ಅಳತೆಯಲ್ಲಿ ಇವತ್ತಿನ ಹೋಂಡಾ ಅಕಾರ್ಡ್ ಕೂಡ ದೊಡ್ಡ ಕಾರೇ. ಜನರ ಬಾಯಲ್ಲಿ ಮಾತ್ರ ಫುಲ್-ಸೈಜ್ ಅಂದ್ರೆ ಬೇರೆ ಚಿತ್ರ ಬರುತ್ತೆ: ಹತ್ತಿರ ಹತ್ತಿರ ಐದು ಮೀಟರ್ ಉದ್ದ, ಹಿಂದೆ ಮೂವರು ಒರಗಿ ಕೂತರೂ ಮೊಣಕಾಲು ತಾಗದಷ್ಟು ಜಾಗ, ನಾಲ್ಕು ದೊಡ್ಡ ಸೂಟ್‌ಕೇಸ್ ನುಂಗುವ ಡಿಕ್ಕಿ. ಫೋರ್ಡ್ ಕ್ರೌನ್ ವಿಕ್ಟೋರಿಯಾ, ಷೆವ್ರೊಲೆ ಇಂಪಾಲಾ, ಫೋರ್ಡ್ ಟಾರಸ್, ಬ್ಯೂಯಿಕ್ ಲಕ್ರಾಸ್, ಟೊಯೊಟಾ ಅವಲಾನ್, ಕ್ರೈಸ್ಲರ್ 300, ಡಾಡ್ಜ್ ಚಾರ್ಜರ್. ಈ ಲೇಖನದಲ್ಲಿ ನಾವು ಮಾತಾಡ್ತಿರೋದು ಈ ಬಳಗದ ಬಗ್ಗೆ.

'ಹಳೇದು' ಅನ್ನೋ ಮಾತಿಗೂ ಎರಡು ಅರ್ಥ ಇದೆ. ಒಂದು, ಕಾರಿಗೇ ವಯಸ್ಸಾಗೋದು, ನಮ್ಮದರ ಥರ. ಇನ್ನೊಂದು, ಷೋರೂಮಿನಲ್ಲಿ ಹೊಸದಾಗಿ ನಿಂತಿದ್ದರೂ ಅದರ ವಿನ್ಯಾಸಕ್ಕೆ ವಯಸ್ಸಾಗಿರೋದು. ಇವೆರಡನ್ನೂ ಕಲಸಿಬಿಟ್ಟರೆ ಚರ್ಚೆ ದಾರಿ ತಪ್ಪುತ್ತೆ.

ಒಂದೊಂದೇ ಬಾಗಿಲು ಮುಚ್ಚಿದ್ದು

ಒಂದು ಕಾಲದಲ್ಲಿ ಇವು ಮೂಲೆಗುಂಪಾದ ಕಾರುಗಳಲ್ಲ. 1965ರಲ್ಲಿ ಇಂಪಾಲಾ ಒಂದರ ಮಾರಾಟವೇ ಹತ್ತು ಲಕ್ಷ ದಾಟಿತ್ತು. ಆಮೇಲೆ ಏನಾಯಿತು ಅನ್ನೋದನ್ನ ತಾರೀಖುಗಳೇ ಹೇಳುತ್ವೆ.

ಪೊಲೀಸ್ ಕಾರು, ಟ್ಯಾಕ್ಸಿ ಅಂತ ಹಾಲಿವುಡ್ ಸಿನಿಮಾಗಳಲ್ಲಿ ನಾವೆಲ್ಲ ನೋಡಿರೋ ಕ್ರೌನ್ ವಿಕ್ಟೋರಿಯಾ 2011ರ ಸೆಪ್ಟೆಂಬರ್ 15ರಂದು ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಲ್ಲಿ ನಿಂತುಹೋಯಿತು. ಆ ಕೊನೇ ಕಾರು ಹೊರಟಿದ್ದು ಸೌದಿ ಅರೇಬಿಯಾಕ್ಕೆ. 2018ರ ಏಪ್ರಿಲ್‌ನಲ್ಲಿ ಫೋರ್ಡ್, ಉತ್ತರ ಅಮೆರಿಕದಲ್ಲಿ ತನ್ನ ಸೆಡಾನ್‌ಗಳನ್ನೆಲ್ಲ ನಿಲ್ಲಿಸ್ತೀವಿ ಅಂತ ಹೇಳಿತು. 2019ರ ಮಾರ್ಚ್‌ನಲ್ಲಿ ಷಿಕಾಗೊ ಕಾರ್ಖಾನೆಯಿಂದ ಕೊನೇ ಟಾರಸ್ ಹೊರಬಂತು. 2020ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಡೆಟ್ರಾಯಿಟ್-ಹ್ಯಾಮ್‌ಟ್ರಾಮಿಕ್‌ನಲ್ಲಿ ಇಂಪಾಲಾ ಮುಗಿಯಿತು. ಆ ಕಾರ್ಖಾನೆ ಈಗ ಫ್ಯಾಕ್ಟರಿ ಝೀರೊ ಅನ್ನೋ ಹೆಸರಲ್ಲಿ ಎಲೆಕ್ಟ್ರಿಕ್ ಪಿಕಪ್ ಮಾಡುತ್ತೆ. ಅವಲಾನ್‌ಗೆ 2022 ಕೊನೆ. 2023ರ ಡಿಸೆಂಬರ್‌ನಲ್ಲಿ ಕೆನಡಾದ ಬ್ರಾಂಪ್ಟನ್‌ನಲ್ಲಿ ಕ್ರೈಸ್ಲರ್ 300 ಮತ್ತು ಹಳೇ ಚಾರ್ಜರ್. ನಾವು ಕಾರು ಕೊಂಡ ನಾಲ್ಕೇ ತಿಂಗಳಿಗೆ ಅದರ ಬಳಗ ಬಹುಮಟ್ಟಿಗೆ ಖಾಲಿ.

ಒಂದು ವಿಷಯ ಗಮನಿಸಿ. ಇವು ಹೋಗಿದ್ದು ಅಮೆರಿಕದಿಂದ, ಭೂಮಿಯಿಂದ ಅಲ್ಲ. ಗಲ್ಫ್‌ನಲ್ಲಿರೋ ನಮ್ಮ ಕನ್ನಡದ ಗೆಳೆಯರಿಗೆ ಟಾರಸ್ ಹೆಸರಿನ ಹೊಸ ಕಾರು ಈಗಲೂ ಸಿಗುತ್ತೆ, ಚೀನಾದಲ್ಲಿ ತಯಾರಾಗಿ ಬರುತ್ತೆ. ಕೊರಿಯಾದಲ್ಲಿ ಹ್ಯುಂಡೈ ಗ್ರಾಂಡ್ಯೂರ್ ಅನ್ನೋ ದೊಡ್ಡ ಸೆಡಾನ್ ಚೆನ್ನಾಗೇ ಮಾರಾಟವಾಗುತ್ತೆ. ಅಂದ್ರೆ ಈ ಆಕಾರವೇ ಕೆಲಸಕ್ಕೆ ಬಾರದ್ದು ಅನ್ನೋಕಾಗಲ್ಲ. ಇಲ್ಲಿಯ ಪರಿಸ್ಥಿತಿಯಲ್ಲೇ ಏನೋ ಇದೆ.

ಇಲ್ಲೇ ಯಾಕೆ?

ಮೊದಲ ಕಾರಣ ಎಲ್ಲರೂ ಹೇಳೋದು: ಜನಕ್ಕೆ ಎತ್ತರ ಬೇಕು. ಇದು ಸುಳ್ಳಲ್ಲ, ಮುಂದೆ ಇದಕ್ಕೆ ಬರ್ತೀವಿ.

ಎರಡನೇದು ಕಾನೂನು. 1975ರ ಇಂಧನ ಕಾಯ್ದೆ ಬಂದಾಗ ಕಾರಿಗೊಂದು ಮೈಲೇಜ್ ಗುರಿ, 'ಲೈಟ್ ಟ್ರಕ್'ಗೆ ಅದಕ್ಕಿಂತ ಸುಲಭವಾದ ಗುರಿ ಇಟ್ಟರು. ಕಾರುಗಳು 1985ರ ಹೊತ್ತಿಗೆ ಗ್ಯಾಲನ್‌ಗೆ ಸರಾಸರಿ 27.5 ಮೈಲಿ ಮುಟ್ಟಬೇಕಿತ್ತು. ರೈತರ, ಕೆಲಸಗಾರರ ಪಿಕಪ್‌ಗಳಿಗೆ ಅಂತ ಕೊಟ್ಟ ರಿಯಾಯಿತಿಯ ಸಾಲಿನಲ್ಲಿ ಎಸ್‌ಯುವಿಗಳೂ ಬಂದು ಸೇರಿಕೊಂಡವು. ಒಂದೇ ಕ್ರಾಸ್‌ಓವರ್‌ನಲ್ಲಿ ಎರಡು ಚಕ್ರಕ್ಕೆ ಶಕ್ತಿ ಹೋದರೆ ಕಾರು, ನಾಲ್ಕಕ್ಕೂ ಹೋದರೆ ಟ್ರಕ್ ಅನ್ನೋ ವಿಚಿತ್ರವೂ ಇದೆ. ಕಂಪನಿ ಯಾವುದನ್ನ ಮಾಡುತ್ತೆ? ಗುರಿ ಸುಲಭ ಇರೋದನ್ನ.

ಕಾನೂನು ಕಾರಿನ ಆಕಾರ ತಿದ್ದೋದು ನಮಗೆ ಹೊಸದಲ್ಲ. ಭಾರತದಲ್ಲಿ 2006ರ ಬಜೆಟ್ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಸುಂಕ ಇಳಿಸಿದ ಮೇಲೆ, ಸೆಡಾನ್‌ಗಳ ಡಿಕ್ಕಿಯನ್ನ ಕತ್ತರಿಸಿ ಅಂಟಿಸಿದ ಹಾಗೆ ಮಾಡಿದ್ದನ್ನ ಬೆಂಗಳೂರಿನ ಪ್ರತಿ ಸಿಗ್ನಲ್‌ನಲ್ಲೂ ನೋಡಿದೀವಿ. ಅಲ್ಲಿ ಕಾನೂನು ಕಾರನ್ನ ಗಿಡ್ಡ ಮಾಡಿತು, ಇಲ್ಲಿ ಎತ್ತರ ಮಾಡಿತು.

ಮೂರನೇದು ಲಾಭ. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಇಟ್ಟು ಮೇಲಿನ ಡಬ್ಬಿ ಎತ್ತರ ಮಾಡಿದರೆ ಗಿರಾಕಿ ಹೆಚ್ಚು ದುಡ್ಡು ಕೊಡ್ತಾನೆ.

ನಾಲ್ಕನೇದು, ನಮಗೆ ಮುಖ್ಯ ಅನ್ಸಿದ್ದು: ಕಂಪನಿಗಳೇ ಇವನ್ನ ಮುದಿಯಾಗೋಕೆ ಬಿಟ್ಟವು. ಕ್ರೌನ್ ವಿಕ್ಟೋರಿಯಾದ ಪ್ಲಾಟ್‌ಫಾರಂ 1979ರ ಮಾದರಿಗೆ ಅಂತ ಬಂದದ್ದು, ಮೂವತ್ತು ವರ್ಷ ದಾಟಿಯೂ ಓಡಿತು. ಕ್ರೈಸ್ಲರ್ 300 ಮೊದಲು ಬಂದಿದ್ದು 2005ರ ಮಾದರಿಯಾಗಿ, 2011ರಲ್ಲಿ ಒಮ್ಮೆ ಹೊಸ ರೂಪ ಪಡೆಯಿತು, ಆಮೇಲೆ ಸಣ್ಣಪುಟ್ಟ ತಿದ್ದುಪಡಿಯಲ್ಲೇ 2023ರವರೆಗೆ. ಇಂಪಾಲಾದ ಕಥೆ ಇನ್ನೂ ಸ್ವಾರಸ್ಯ. 2014ರ ಮಾದರಿಗೆ ಅಂತ ಪೂರ್ತಿ ಹೊಸ ಇಂಪಾಲಾ ಬಂತು. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಅದಕ್ಕೆ 100ಕ್ಕೆ 95 ಅಂಕ ಕೊಟ್ಟು ಸೆಡಾನ್‌ಗಳಲ್ಲೇ ಮೇಲಿಟ್ಟಿತು. ಅದೇ ಹೊತ್ತಲ್ಲಿ, 1988ರ ಪ್ಲಾಟ್‌ಫಾರಂ ಮೇಲಿನ ಹಳೇ ಇಂಪಾಲಾವನ್ನೂ 'ಲಿಮಿಟೆಡ್' ಅಂತ ಹೆಸರಿಟ್ಟು 2016ರವರೆಗೆ ಬಾಡಿಗೆ ಕಂಪನಿಗಳಿಗೆ, ಇಲಾಖೆಗಳಿಗೆ ಸಗಟಾಗಿ ಮಾರಿದರು. ಏರ್‌ಪೋರ್ಟಿನಲ್ಲಿ ಬಾಡಿಗೆಗೆ ಆ ಹಳೇದನ್ನ ಓಡಿಸಿದವನು "ಇಂಪಾಲಾ ಅಂದ್ರೆ ಇಷ್ಟೇ" ಅಂತ ತೀರ್ಮಾನ ಮಾಡಿದರೆ ತಪ್ಪು ಅವನದ್ದಾ?

ವಯಸ್ಸಿನ ತಪ್ಪು, ಗಾತ್ರದ ತಲೆಗೆ

"ದೊಡ್ಡ ಸೆಡಾನ್ ಪೆಟ್ರೋಲ್ ಕುಡಿಯುತ್ತೆ" ಅನ್ನೋದು ಸಾಮಾನ್ಯ ದೂರು. ಲೆಕ್ಕ ಹಾಕೋಣ. 2011ರ ಕ್ರೌನ್ ವಿಕ್ಟೋರಿಯಾಕ್ಕೆ ಇಪಿಎ ಕೊಟ್ಟ ಒಟ್ಟು ಮೈಲೇಜ್ ಗ್ಯಾಲನ್‌ಗೆ 19 ಮೈಲಿ, ನಮ್ಮ ಭಾಷೆಯಲ್ಲಿ ಲೀಟರ್‌ಗೆ 8 ಕಿಲೋಮೀಟರ್. ಎರಡೇ ವರ್ಷದ ನಂತರ ಬಂದ 2013ರ ಅವಲಾನ್ ಹೈಬ್ರಿಡ್‌ಗೆ 40 ಮೈಲಿ, ಅಂದ್ರೆ ಲೀಟರ್‌ಗೆ 17. ಎರಡೂ ಐದು ಜನ ಆರಾಮಾಗಿ ಕೂರೋ ಕಾರುಗಳೇ. ವರ್ಷಕ್ಕೆ 10,000 ಮೈಲಿ ಓಡಿಸಿದರೆ ಮೊದಲನೇದಕ್ಕೆ ಸುಮಾರು 526 ಗ್ಯಾಲನ್, ಎರಡನೇದಕ್ಕೆ 250. ಎರಡರ ಆಕಾರ ಒಂದೇ, ಒಳಗಿನ ಕಾಲಮಾನ ಬೇರೆ. ಕುಡಿದಿದ್ದು ವಯಸ್ಸು, ಹೆಸರು ಕೆಟ್ಟಿದ್ದು ಗಾತ್ರದ್ದು.

ಇದನ್ನ ಅರ್ಥ ಮಾಡಿಕೊಳ್ಳೋಕೆ ನಮ್ಮ ಅಂಬಾಸಿಡರ್ ಸಾಕು. 1956ರ ಮಾರಿಸ್ ಆಕ್ಸ್‌ಫರ್ಡ್ ವಿನ್ಯಾಸ, ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೆ ಓಡಿತು. ಡಿಸಿ ಆಫೀಸಿನ ಮುಂದೆ ನಿಂತ ಬಿಳಿ ಅಂಬಾಸಿಡರ್‌ನ ಹಿಂದಿನ ಸೀಟಿನ ಮೇಲೆ ಯಾರಿಗೂ ದೂರಿರಲಿಲ್ಲ. ಅದು ಸೋತಿದ್ದು, ಆರು ದಶಕ ತನ್ನ ಪಾಡಿಗೆ ತಾನು ಕೂತಿದ್ದಕ್ಕೆ.

ಈಗ ಆಕಾರದ ಭೌತಶಾಸ್ತ್ರ. ಹೈವೇಯಲ್ಲಿ ಎಂಜಿನ್ ಮಾಡೋ ಕೆಲಸದಲ್ಲಿ ದೊಡ್ಡ ಪಾಲು ಗಾಳಿಯನ್ನ ತಳ್ಳೋದು. ಅದಕ್ಕೆ ಬೇಕಾದ ಶಕ್ತಿ ಮೂರು ವಿಷಯದ ಮೇಲೆ ನಿಂತಿದೆ: ಕಾರಿನ ಮುಂಭಾಗದ ವಿಸ್ತೀರ್ಣ, ಆಕಾರ ಎಷ್ಟು ನುಣುಪು ಅನ್ನೋ ಡ್ರ್ಯಾಗ್ ಗುಣಾಂಕ, ಮತ್ತು ವೇಗದ ಘನ. ಲೆಕ್ಕಕ್ಕೆ ಸಾಧಾರಣ ಸಂಖ್ಯೆಗಳನ್ನ ಇಟ್ಟುಕೊಳ್ಳೋಣ. ದೊಡ್ಡ ಸೆಡಾನ್‌ಗೆ ಗುಣಾಂಕ 0.30, ವಿಸ್ತೀರ್ಣ 2.3 ಚದರ ಮೀಟರ್. ದೊಡ್ಡ ಎಸ್‌ಯುವಿಗೆ 0.35 ಮತ್ತು 2.9. ಗಂಟೆಗೆ 70 ಮೈಲಿ ಅಂದ್ರೆ ಸೆಕೆಂಡಿಗೆ 31.3 ಮೀಟರ್. ಗಾಳಿಯ ಸಾಂದ್ರತೆ 1.2. ಎಲ್ಲ ಗುಣಿಸಿ ಅರ್ಧ ಮಾಡಿದರೆ ಸೆಡಾನ್‌ಗೆ 12.7 ಕಿಲೋವ್ಯಾಟ್, ಎಸ್‌ಯುವಿಗೆ 18.7. ವ್ಯತ್ಯಾಸ 6 ಕಿಲೋವ್ಯಾಟ್. ಊರಲ್ಲಿ ಬೋರ್‌ವೆಲ್‌ಗೆ ಇಳಿಸೋ ಏಳೂವರೆ ಎಚ್‌ಪಿ ಪಂಪ್‌ಸೆಟ್ ಗೊತ್ತಲ್ಲ, ಅದಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟೇ ಜನ, ಅಷ್ಟೇ ಲಗೇಜು, ಡೆಟ್ರಾಯಿಟ್‌ನಿಂದ ಷಿಕಾಗೊವರೆಗೂ ಒಂದು ಪಂಪ್‌ಸೆಟ್ ಸುಮ್ಮನೆ ಓಡ್ತಾ ಇರುತ್ತೆ. ಎಲೆಕ್ಟ್ರಿಕ್ ಕಾರಿಗೂ ಈ ಲೆಕ್ಕ ತಪ್ಪಿದ್ದಲ್ಲ, ಅಲ್ಲಿ ಇದು ಬ್ಯಾಟರಿಯ ಬೆಲೆಯಾಗಿ ಬಂದು ಕೂರುತ್ತೆ.

ಎರಡನೇದು ಸ್ಥಿರತೆ. ಎರಡು ಚಕ್ರಗಳ ನಡುವಿನ ಅಗಲವನ್ನ, ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರೋ ಸಂಖ್ಯೆಯನ್ನ ರಸ್ತೆ ಸುರಕ್ಷಾ ಇಲಾಖೆ ಎನ್‌ಎಚ್‌ಟಿಎಸ್‌ಎ ಕಾರು ಮಗುಚೋ ಸಾಧ್ಯತೆ ಅಳೆಯೋಕೆ ಬಳಸುತ್ತೆ. ಸಾಮಾನ್ಯವಾಗಿ ಕಾರುಗಳಿಗೆ ಇದು 1.3ರಿಂದ 1.5, ಎಸ್‌ಯುವಿಗಳಿಗೆ 1.0ರಿಂದ 1.3. ಹೆಚ್ಚಿದ್ದಷ್ಟೂ ಒಳ್ಳೇದು. ಕೊಡ ತುಂಬಿ ಸೊಂಟದ ಮೇಲಿಟ್ಟುಕೊಂಡು ನಡೆಯೋದಕ್ಕೂ, ತಲೆ ಮೇಲಿಟ್ಟುಕೊಂಡು ನಡೆಯೋದಕ್ಕೂ ಇರೋ ವ್ಯತ್ಯಾಸ ಅಂದುಕೊಳ್ಳಿ.

ಮೂರನೇದು ಕಾರಿನ ಹೊರಗೆ ಇರೋರ ವಿಷಯ. ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ 40 ಇಂಚಿಗಿಂತ ಎತ್ತರ ಇರೋ ವಾಹನ ಪಾದಚಾರಿಗೆ ಬಡಿದರೆ ಸಾವಾಗೋ ಸಾಧ್ಯತೆ, 30 ಇಂಚು ಅಥವಾ ಅದಕ್ಕಿಂತ ತಗ್ಗಿದ, ಇಳಿಜಾರು ಮೂತಿಯ ವಾಹನಕ್ಕಿಂತ ಸುಮಾರು 45 ಶೇಕಡಾ ಹೆಚ್ಚು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲಾದ ಮೇಲೆ, ಲೈಬ್ರರಿಯಿಂದ ಕಪ್ಪು ಜಾಕೆಟ್ ಹಾಕಿಕೊಂಡು ರಸ್ತೆ ದಾಟೋರು ನಾವೇ. ನಮಗೆ ಇದು ಬರೀ ಅಂಕಿ ಅಂತ ಅನ್ಸಲಿಲ್ಲ.

ಸೆಡಾನ್ ಸೋಲೋ ಜಾಗ

ಇಷ್ಟೆಲ್ಲ ಹೊಗಳಿದ ಮೇಲೆ ಸೋಲನ್ನೂ ಒಪ್ಪಿಕೊಳ್ಳಬೇಕು.

ಹೋದ ಬೇಸಿಗೆಯಲ್ಲಿ ನಮ್ಮಲ್ಲೊಬ್ಬನ ಅಪ್ಪ ಅಮ್ಮ ಚಿತ್ರದುರ್ಗದಿಂದ ಬಂದಿದ್ರು. ಏರ್‌ಪೋರ್ಟಿನಲ್ಲಿ ಕಾರು ನೋಡಿದ ಅಂಕಲ್, "ಏನ್ರಪ್ಪಾ, ಇದು ಕಾರೋ ತೇರೋ?" ಅಂದ್ರು. ನಾಲ್ಕು ಸೂಟ್‌ಕೇಸೂ ಡಿಕ್ಕಿಗೇ ಹೋದಾಗ ಖುಷಿಯಾದ್ರು. ಆದರೆ ಮನೆ ತಲುಪಿದಾಗ ಆಂಟಿಗೆ ಇಳಿಯೋಕಾಗಲಿಲ್ಲ. ಮೊಣಕಾಲು ನೋವು, ಸೀಟು ತಗ್ಗು. ಬಾಗಿಲಿನ ಮೇಲಂಚು ಹಿಡಿದು, "ಸೀಟೇನೋ ಸೋಫಾ ಹಾಗಿದೆ, ಆದ್ರೆ ನೆಲದ ಮೇಲೆ ಕೂರಿಸಿದ ಹಾಗಾಯ್ತಲ್ಲೋ, ಕೈ ಕೊಡು" ಅಂದ್ರು. ಅಲ್ಲಿ ನಮ್ಮ ಡ್ರ್ಯಾಗ್ ಲೆಕ್ಕ ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಎಂಜಿನಿಯರುಗಳು ಇದನ್ನ ಎಚ್-ಪಾಯಿಂಟ್ ಅಂತಾರೆ, ಕೂತವರ ಸೊಂಟದ ಕೀಲು ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನೋ ಅಳತೆ. ನಿಂತಾಗ ಇರೋ ಸೊಂಟದ ಎತ್ತರಕ್ಕೆ ಅದು ಹತ್ತಿರವಿದ್ದಷ್ಟೂ ಹತ್ತಿಳಿಯೋದು ಸಲೀಸು. ಕ್ರಾಸ್‌ಓವರ್‌ನಲ್ಲಿ ಪಕ್ಕಕ್ಕೆ ಸರಿದು ಕೂತರೆ ಸಾಕು, ಸೆಡಾನ್‌ನಲ್ಲಿ ಕೆಳಗೆ ಇಳಿಯಬೇಕು. ಅಮೆರಿಕದಲ್ಲಿ ಫುಲ್-ಸೈಜ್ ಸೆಡಾನ್ ಕೊಳ್ತಿದ್ದವರು ಹೆಚ್ಚಾಗಿ ವಯಸ್ಸಾದವರೇ. ಅವರ ಮೊಣಕಾಲೇ ಅವರನ್ನ ಎತ್ತರದ ಕಾರಿಗೆ ಕಳಿಸಿತು ಅಂದ್ರೆ ಅದನ್ನ ಫ್ಯಾಷನ್ ಅಂತ ತಳ್ಳಿಹಾಕೋಕಾಗಲ್ಲ. ಟೊಯೊಟಾ ಇದನ್ನ ಅರ್ಥ ಮಾಡಿಕೊಂಡ ಹಾಗಿದೆ. ಅವಲಾನ್ ಜಾಗಕ್ಕೆ ತಂದ ಕ್ರೌನ್ ಸೆಡಾನೇ ಆದರೂ ಸೀಟು ಎತ್ತರಿಸಿದೆ.

ಇನ್ನೊಂದು ಸೋಲು ಸುರಕ್ಷತೆಯದ್ದು, ಅದು ವಯಸ್ಸಿನಿಂದ ಬರೋದು. "ದೊಡ್ಡ ಕಾರು, ಗಟ್ಟಿ ಕಬ್ಬಿಣ, ಏನೂ ಆಗಲ್ಲ" ಅನ್ನೋ ಮಾತು ನಂಬಬೇಡಿ. ಕಾರಿನ ಮುಂಭಾಗದ ಒಂದು ಮೂಲೆ ಮಾತ್ರ ಕಂಬಕ್ಕೋ ಎದುರಿನ ಕಾರಿಗೋ ಬಡಿಯೋ ಅಪಘಾತವನ್ನ ಐಐಎಚ್‌ಎಸ್ ಪರೀಕ್ಷಿಸೋಕೆ ಶುರು ಮಾಡಿದ್ದೇ 2012ರಲ್ಲಿ. ಅದಕ್ಕೂ ಮುಂಚೆ ಚಿತ್ರ ಬರೆದ ಕಾರು ಆ ಪ್ರಶ್ನೆಪತ್ರಿಕೆ ನೋಡಿಯೇ ಇರಲಿಲ್ಲ. ಹಿಮದಲ್ಲಿ ಕಾರು ತಿರುಗಿಹೋಗದಂತೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕೋ ಇಎಸ್‌ಸಿ ವ್ಯವಸ್ಥೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದ್ದು 2012ರ ಮಾದರಿಯಿಂದ. ಹಿಂದಿನ ಕ್ಯಾಮೆರಾ ಕಡ್ಡಾಯವಾಗಿದ್ದು 2018ರ ಮೇ ತಿಂಗಳಿಂದ.

ಹೊಸ ಮಾರುಕಟ್ಟೆ ಹರಿದು ಹಳೇ ಮಾರುಕಟ್ಟೆಗೆ

ಈಗ ವಿದ್ಯಾರ್ಥಿಗಳಾದ ನಮಗೆ ನೇರವಾಗಿ ತಟ್ಟೋ ಮಾತು. ನಾವು ಯಾರೂ ಹೊಸ ಕಾರು ಕೊಳ್ಳೋರಲ್ಲ. ಹಾಗಿದ್ದ ಮೇಲೆ ಷೋರೂಮಿನಲ್ಲಿ ಏನು ಸಿಕ್ಕರೆ ನಮಗೇನು?

ಕೆರೆಯ ಉದಾಹರಣೆ ತಗೊಳ್ಳಿ. ಮೇಲಿನ ಕೆರೆ ಕೋಡಿ ಬಿದ್ದರೆ ತಾನೆ ಕೆಳಗಿನ ಕೆರೆಗೆ ನೀರು? ಹೊಸ ಮಾರುಕಟ್ಟೆ ಮೇಲಿನ ಕೆರೆ, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಕೆಳಗಿನದು. ಬಾಡಿಗೆ ಕಂಪನಿ ಒಂದೆರಡು ವರ್ಷ ಓಡಿಸಿ ಮಾರಿದ ಇಂಪಾಲಾ, ಅಜ್ಜ ಹತ್ತು ವರ್ಷ ಭಾನುವಾರ ಮಾತ್ರ ಓಡಿಸಿದ ಲಕ್ರಾಸ್, ಇವೇ ಹರಿದು ಬಂದು ನಮ್ಮಂಥವರ ಕೈ ಸೇರ್ತಿದ್ದವು. ಯಾರೂ ಆಸೆಪಡದ ಆಕಾರ ಆಗಿದ್ದರಿಂದ ಬೆಲೆ ಬೇಗ ಇಳೀತಿತ್ತು. ಹೊಸದು ಕೊಂಡವನ ನಷ್ಟವೇ ನಮ್ಮ ಲಾಭ. 2019, 2020ರಲ್ಲಿ ಮೇಲಿನ ಕೆರೆಯ ತೂಬು ಮುಚ್ಚಿದ್ದರ ಪರಿಣಾಮ ಇವತ್ತು ಪೂರ್ತಿ ಕಾಣಲ್ಲ. 2030ರ ಸುಮಾರಿಗೆ ಬರೋ ನಮ್ಮ ಜೂನಿಯರ್‌ಗಳು ಹತ್ತು ವರ್ಷದ ಒಳ್ಳೇ ದೊಡ್ಡ ಸೆಡಾನ್ ಹುಡುಕಿದಾಗ ಕಾಣುತ್ತೆ. ಆಗ ಅವರ ಮುಂದಿರೋದು ಎತ್ತರದ, ಭಾರದ, ಟೈರಿಗೂ ಹೆಚ್ಚು ದುಡ್ಡು ಕೇಳೋ ಹಳೇ ಎಸ್‌ಯುವಿಗಳೇ ಹೆಚ್ಚು.

ಅದಕ್ಕೇ ನಮ್ಮ ಉತ್ತರ ಎರಡು ತುಂಡಾಗಿದೆ. ಹನ್ನೆರಡು ವರ್ಷದ ಹಿಂದಿನ ವಿನ್ಯಾಸಕ್ಕೆ ಹೊಸ ಬೆಲೆ ಹಾಕಿ ಮಾರೋದಾದರೆ ಆ ಕಾರಿಗೆ ಮಾರುಕಟ್ಟೆಯಲ್ಲಿ ಜಾಗ ಬೇಡ, ಹೋಗಲಿ. ದೊಡ್ಡ ಸೆಡಾನ್ ಅನ್ನೋ ಆಕಾರಕ್ಕೆ ಮಾತ್ರ ಜಾಗ ಇರಲೇಬೇಕು. ಅದು ಅಸಾಧ್ಯ ಏನಲ್ಲ ಅನ್ನೋದಕ್ಕೆ ಅಕಾರ್ಡ್ ಹೈಬ್ರಿಡ್ ಇದೆ, ಇಪಿಎ ಲೆಕ್ಕದಲ್ಲಿ ಮಧ್ಯಮ ಆದರೂ 2025ರ ಮಾದರಿಯಿಂದ ಪೂರ್ತಿ ಹೈಬ್ರಿಡ್ ಆದ ಕ್ಯಾಮ್ರಿ ಇದೆ. ಚಾರ್ಜರ್ ಹೆಸರೂ ಹೊಸ ಪ್ಲಾಟ್‌ಫಾರಂ ಮೇಲೆ ವಾಪಸ್ ಬಂದಿದೆ.

ಕೊಳ್ಳೋ ಮುಂಚೆ ಇಷ್ಟು ಮಾಡಿ

ಹಳೇ ದೊಡ್ಡ ಸೆಡಾನ್ ಇವತ್ತೂ ಒಳ್ಳೇ ವ್ಯಾಪಾರವೇ, ನೋಡಿ ಕೊಂಡರೆ.

1. 2012 ಅಥವಾ ಅದರ ನಂತರದ ಮಾದರಿಯನ್ನೇ ಹುಡುಕಿ. ಇಎಸ್‌ಸಿ ಇದ್ದೇ ಇರುತ್ತೆ.

2. ಕಾರಿನ 17 ಅಕ್ಷರ-ಅಂಕಿಗಳ ವಿಐಎನ್ ಸಂಖ್ಯೆಯನ್ನ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ, ಬಾಕಿ ಉಳಿದ ರಿಕಾಲ್ ಇದೆಯಾ ನೋಡಿ. ಪುಕ್ಕಟೆ, ಒಂದು ನಿಮಿಷದ ಕೆಲಸ. 2022ರ ನವೆಂಬರ್‌ನಲ್ಲಿ, 2005ರಿಂದ 2010ರವರೆಗಿನ ಕೆಲವು ಕ್ರೈಸ್ಲರ್ 300, ಡಾಡ್ಜ್ ಚಾರ್ಜರ್, ಚಾಲೆಂಜರ್, ಮ್ಯಾಗ್ನಮ್ ಕಾರುಗಳಲ್ಲಿ ತಕಾಟ ಏರ್‌ಬ್ಯಾಗ್ ಬದಲಿಸದೆ ಇದ್ದರೆ ಓಡಿಸಲೇಬೇಡಿ ಅನ್ನೋ ಎಚ್ಚರಿಕೆ ಬಂದಿತ್ತು. ಬದಲಿಸಿಕೊಡೋದಕ್ಕೆ ದುಡ್ಡಿಲ್ಲ, ಬದಲಿಸದಿದ್ದರೆ ಜೀವಕ್ಕೆ ಅಪಾಯ.

3. ಟೈಟಲ್ ಪತ್ರದಲ್ಲಿ 'ಸಾಲ್ವೇಜ್' ಅಥವಾ 'ರೀಬಿಲ್ಟ್' ಅಂತ ಇದ್ದರೆ ಕೈಮುಗಿದು ಬನ್ನಿ.

4. ಟೈರಿನ ಪಕ್ಕದ ಡಿಒಟಿ ಸಂಖ್ಯೆಯ ಕೊನೇ ನಾಲ್ಕು ಅಂಕಿ ನೋಡಿ. 3516 ಅಂದ್ರೆ 2016ರ 35ನೇ ವಾರದ್ದು. ಗುಂಡಿ ಆಳ ಇದ್ದರೂ ರಬ್ಬರ್ ಮುದಿಯಾಗಿರುತ್ತೆ, ನಾಲ್ಕು ಹೊಸ ಟೈರಿನ ಖರ್ಚು ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಿ.

5. ನಿಮಗೆ ಪರಿಚಯ ಇರೋ ಮೆಕ್ಯಾನಿಕ್ ಹತ್ತಿರ ಒಯ್ದು, ಲಿಫ್ಟ್ ಮೇಲೆ ಎತ್ತಿಸಿ ತಳಭಾಗ ನೋಡಿ. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ. ಮೇಲೆ ಬಣ್ಣ ಫಳಫಳ ಅಂತಿದ್ದರೂ ಕೆಳಗೆ ತುಕ್ಕು ತಿಂದಿರುತ್ತೆ.

ಐದನೇದನ್ನ ನಾವು ಮಾಡಲಿಲ್ಲ.

ನಮ್ಮ ಕಾರಿನ ಕೊನೆ

ಕೊಳ್ಳುವಾಗ ತಪಾಸಣೆಗೆ 120 ಡಾಲರ್ ಕೇಳಿದ್ರು. ಅಜ್ಜ ಅಜ್ಜಿ ಒಳ್ಳೆಯವರು, ಗ್ಯಾರೇಜಿನಲ್ಲಿ ಇಟ್ಟ ಕಾರು, ಏನಾಗಿರುತ್ತೆ ಅಂತ ಉಳಿಸಿದ್ವಿ. ಒಂದೂವರೆ ವರ್ಷ ಅದು ನಮಗೆ ಏನೂ ಕಡಿಮೆ ಮಾಡಲಿಲ್ಲ. ರಾಜ್ಯೋತ್ಸವಕ್ಕೆ ಐದು ಜನ, ಒಂದು ಹಾರ್ಮೋನಿಯಂ, ಬಿಸಿಬೇಳೆಬಾತ್‌ನ ದೊಡ್ಡ ಪಾತ್ರೆ ಎಲ್ಲ ಹೊತ್ತು ಹೋಗಿ ಬಂತು. ಮಧ್ಯರಾತ್ರಿ ಜ್ವರ ಬಂದವರನ್ನ ಅರ್ಜೆಂಟ್ ಕೇರ್‌ಗೆ ಕರೆದುಕೊಂಡು ಹೋಯಿತು.

ಮೇ ತಿಂಗಳಿಗೆ ನಮ್ಮ ಓದು ಮುಗಿಯುತ್ತೆ ಅಂತ, ಮೂವರು ಜೂನಿಯರ್‌ಗಳು 2,800 ಡಾಲರ್‌ಗೆ ಕಾರು ಕೇಳಿದ್ರು. ಒಪ್ಪಿದ್ವಿ. ಮಾರ್ಚ್‌ನಲ್ಲಿ ಹಿಂದಿನಿಂದ ಕಟಕಟ ಅಂತ ಸದ್ದು ಬಂತು, ಕೊಡೋ ಮುಂಚೆ ರಿಪೇರಿ ಮಾಡಿಸೋಣ ಅಂತ ಒಯ್ದರೆ ಮೆಕ್ಯಾನಿಕ್ ಕಾರನ್ನ ಮೇಲೆತ್ತಿ ನಮ್ಮನ್ನ ಕೆಳಗೆ ಕರೆದ. ಹಿಂದಿನ ಸಸ್ಪೆನ್ಷನ್ ಹಿಡಿದುಕೊಳ್ಳೋ ಸಬ್‌ಫ್ರೇಮ್‌ಗೆ ಸ್ಕ್ರೂಡ್ರೈವರ್ ಒತ್ತಿದ. ಹಪ್ಪಳದ ಥರ ಒಳಗೆ ಹೋಯಿತು.

ಆ ರಾತ್ರಿ ನಮ್ಮ ಮನೆಯಲ್ಲಿ ಜಗಳವೇ ಆಯಿತು. "ಓಡ್ತಾ ಇದೆಯಲ್ಲೋ, ಇನ್ನೊಂದು ವಿಂಟರ್ ಬರುತ್ತೆ, ಅವರಿಗೂ ಹೇಳಿ ಬೆಲೆ ಇಳಿಸಿ ಕೊಟ್ಟುಬಿಡೋಣ" ಅಂತ ಒಂದು ದನಿ. "ಹೇಳಿದ್ರೂ ಅವರು ಬೇಡ ಅನ್ನಲ್ಲ ಕಣೋ, ದುಡ್ಡಿಲ್ಲದವರು ಯಾವತ್ತು ಬೇಡ ಅಂದಿದ್ದಾರೆ?" ಅಂತ ಇನ್ನೊಂದು. ಆ ಎರಡನೇ ಮಾತಿಗೆ ಯಾರಿಗೂ ಉತ್ತರ ಹೊಳೀಲಿಲ್ಲ. ನಾವೂ 120 ಡಾಲರ್ ಉಳಿಸಿದವರೇ ಅಲ್ವಾ? ಮರುದಿನ ಜೂನಿಯರ್‌ಗಳನ್ನ ಕರೆದುಕೊಂಡು ಹೋಗಿ ಅದೇ ಜಾಗ ತೋರಿಸಿದ್ವಿ, ಕಾರು ಕೊಡಲಿಲ್ಲ. ಗುಜರಿಯವನು 380 ಡಾಲರ್ ಕೊಟ್ಟ. ತಲಾ 126 ಡಾಲರ್ ಚಿಲ್ಲರೆ.

ಲೆಕ್ಕ ಮುಗಿಸಿಬಿಡ್ತೀವಿ. 6,300ರಲ್ಲಿ 380 ಕಳೆದರೆ 5,920. ಮೂವರು, ಇಪ್ಪತ್ತು ತಿಂಗಳು. ಪೆಟ್ರೋಲು, ವಿಮೆ, ರಿಪೇರಿ ಬಿಟ್ಟು ತಿಂಗಳಿಗೆ ತಲಾ ಸುಮಾರು 99 ಡಾಲರ್. ಕೆಟ್ಟ ವ್ಯಾಪಾರ ಅನ್ನೋಕೆ ನಮಗೆ ಮನಸ್ಸು ಬರಲ್ಲ. ಆದರೆ ಮೊದಲ ದಿನವೇ ಲಿಫ್ಟ್ ಮೇಲೆ ಎತ್ತಿಸಿದ್ದರೆ, ಆ ಒಂದೂವರೆ ವರ್ಷ ಐದೈದು ಜನರನ್ನ ಕೂರಿಸಿಕೊಂಡು ಎಪ್ಪತ್ತು ಮೈಲಿ ವೇಗದಲ್ಲಿ ಯಾವುದರ ಮೇಲೆ ಓಡ್ತಿದ್ವಿ ಅನ್ನೋದು ನಮಗೆ ಗೊತ್ತಿರ್ತಿತ್ತು.

ಆ ಜೂನಿಯರ್‌ಗಳು ಈಗ ಪ್ರತಿ ಶನಿವಾರ ಕಾರು ಹುಡುಕ್ತಿದ್ದಾರೆ. ಅವರ ದುಡ್ಡಿಗೆ ಸಿಗೋ ಎಸ್‌ಯುವಿಗಳೆಲ್ಲ ಒಂದೂವರೆ ಲಕ್ಷ ಮೈಲಿ ದಾಟಿದವು. ಹೋದ ವಾರ ಒಬ್ಬ ಫೋನ್ ಮಾಡಿದ್ದ: "ಅಣ್ಣಾ, ನಿಮ್ಮ ಥರದ್ದೇ ಒಂದು ಸಿಕ್ಕಿದೆ, 2014ರದ್ದು, ದಕ್ಷಿಣದ ಕಡೆಯಿಂದ ಬಂದಿದ್ದಂತೆ, ಉಪ್ಪು ತಿಂದಿಲ್ಲ ಅಂತಿದ್ದಾರೆ. ತಗೋಬಹುದಾ?"

"ಮೊದಲು ಲಿಫ್ಟ್ ಮೇಲೆ ಎತ್ಸು, ಆಮೇಲೆ ಮಾತಾಡೋಣ. 120 ಡಾಲರ್ ನಾವು ಕೊಡ್ತೀವಿ" ಅಂದ್ವಿ.